ವಿದ್ಯಾರ್ಥಿವೇತನದ ವರದಿಯನ್ನು ಓದುವ ಬಗೆ

‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ವಿದ್ಯಾರ್ಥಿವೇತನದ ಮಾತು ಬಂದಾಗಲೆಲ್ಲ ನಮ್ಮ ಕಾಲೇಜಿನ ಜಗುಲಿಯ ಮೇಲೆ ಕೇಳಿಬರುವುದುಂಟು. ಮೊದಲ ವರ್ಷದಲ್ಲಿ ನಾನೂ ಹಾಗೆ ಹೇಳಿದವನೇ. ಇಂದು ಬಿ.ಎ. ಅಂತಿಮ ತರಗತಿಯಲ್ಲಿ ನಿಂತು ಹಿಂತಿರುಗಿ ನೋಡಿದರೆ, ಪೂಜಾರಿ ಕೊಡದೆ ಹೋದುದಕ್ಕಿಂತ ಆತ ಹೇಳಿದ ಮಾತು ನಮಗೆ ತಿಳಿಯದೆ ಹೋದುದರಿಂದಲೇ ಹೆಚ್ಚು ನಷ್ಟವಾಯಿತೇನೋ ಎನ್ನಿಸುತ್ತದೆ.

ನನ್ನ ಅನುಭವವನ್ನೇ ಮೊದಲು ಹೇಳಿಬಿಡುತ್ತೇನೆ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ತಂದೆ ಪರರ ತೋಟದಲ್ಲಿ ಕೂಲಿ ಮಾಡುವವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ. ನಾವೆಲ್ಲ ಎಸ್‌ಎಸ್‌ಪಿ ಎಂದು ಕರೆಯುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಕೆಲವು ತಿಂಗಳ ಮೇಲೆ ವರದಿಯನ್ನು ತೆರೆದು ನೋಡಿದೆ. ‘ಮಂಜೂರಾಗಿದೆ’ ಎಂದಿತ್ತು. ಮನೆಗೆ ಹೋದೊಡನೆ ತಂದೆ ‘ಏನಂತೆ?’ ಎಂದು ಕೇಳಿದರು. ‘ಬಂತು’ ಎಂದೆ. ಆ ಒಂದು ಮಾತನ್ನು ನಂಬಿ ಅವರು ಅಂಗಡಿಯ ಸಾಲಕ್ಕೆ ವಾಯಿದೆ ಹೇಳಿದರು. ವಾಯಿದೆ ಕಳೆಯಿತು, ಹಣ ಕೈಸೇರಲಿಲ್ಲ. ಮನೆಯಲ್ಲಿದ್ದ ಮೇಕೆಯನ್ನು ಸಂತೆಗೆ ಹೊಡೆದುಕೊಂಡು ಹೋಗಬೇಕಾಯಿತು. ಆಮೇಲೆ ತಿಳಿದುದೇನೆಂದರೆ, ಹೈಸ್ಕೂಲಿನ ದಿನಗಳಲ್ಲಿ ತೆರೆದು ಮರೆತಿದ್ದ ಇನ್ನೊಂದು ಬ್ಯಾಂಕಿನ ಖಾತೆಗೆ ಹಣ ಬಂದು ಕುಳಿತಿತ್ತು. ವರದಿಯ ಕೆಳಗಿನ ಸಾಲಿನಲ್ಲಿ ಆ ಬ್ಯಾಂಕಿನ ಹೆಸರೂ ಇತ್ತು. ನಾನು ‘ಮಂಜೂರಾಗಿದೆ’ ಎಂಬಲ್ಲಿಗೆ ಓದು ನಿಲ್ಲಿಸಿದ್ದೆ. ತಪ್ಪು ನನ್ನದು, ಮೇಕೆ ಮನೆಯವರದು.

ಕುಣಿಗಲ್ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಸಹಪಾಠಿಯೊಬ್ಬಳ ಕಥೆ ಇದಕ್ಕೆ ವಿರುದ್ಧವಾದದ್ದು. ಆಕೆಯ ವರದಿಯಲ್ಲಿ ಅರ್ಜಿ ಮಾನ್ಯವಾಗಿಲ್ಲವೆಂದು ಬಂತು. ಸರ್ಕಾರವೇ ಬೇಡವೆಂದಮೇಲೆ ಓದು ಏತಕ್ಕೆ ಎಂದು ಮನೆಯಲ್ಲಿ ಮಾತು ಹುಟ್ಟಿತು. ಗಂಡು ನೋಡುವ ಪ್ರಸ್ತಾಪವೂ ಎದ್ದಿತು. ನಮ್ಮ ಅಧ್ಯಾಪಕರೊಬ್ಬರು ಆ ಹಾಳೆಯನ್ನು ತರಿಸಿ ಓದಿದರು. ಎಂಟನೆಯ ತರಗತಿಯಲ್ಲಿದ್ದಾಗ ಪಡೆದ ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ತೀರಿಹೋಗಿತ್ತು, ಅಷ್ಟೇ. ನಾಡಕಚೇರಿಯಿಂದ ಹೊಸ ಪತ್ರ ಪಡೆದು, ಅದರ ಆರ್‌ಡಿ ಸಂಖ್ಯೆಯನ್ನು ತುಂಬಿದಳು. ಅರ್ಜಿ ಮುಂದೆ ಸಾಗಿತು. ಆಕೆ ಇಂದು ನಮ್ಮ ತರಗತಿಯಲ್ಲಿಯೇ ಇದ್ದಾಳೆ.

ಒಬ್ಬನು ಬರದ ಹಣವನ್ನು ಬಂತೆಂದು ಓದಿದ; ಒಬ್ಬಳು ತಿದ್ದಬಹುದಾದ ತಪ್ಪನ್ನು ಕೊನೆಯ ತೀರ್ಪೆಂದು ಓದಿದಳು. ಈ ವರದಿಯು ನಮ್ಮ ಯೋಗ್ಯತೆಯ ಮೇಲೆ ಕೊಟ್ಟ ತೀರ್ಪಲ್ಲ; ನಮ್ಮ ಕಾಗದ ಈಗ ಎಲ್ಲಿದೆ ಎಂದು ತಿಳಿಸುವ ಚೀಟಿ. ಇಷ್ಟನ್ನು ಮನಗಂಡರೆ ಅರ್ಧ ಗಾಬರಿ ಕಳೆದಂತೆ.

ಕಾಗದ ದಾಟಬೇಕಾದ ನಿಲ್ದಾಣಗಳು ಹಲವು. ಮೊದಲು ದಾಖಲೆಗಳ ಇ-ದೃಢೀಕರಣ ಮತ್ತು ಕಾಲೇಜಿನ ಪರಿಶೀಲನೆ. ಇಲ್ಲಿ ಯುಯುಸಿಎಂಎಸ್ ನೋಂದಣಿ ಸಂಖ್ಯೆಯಾಗಲಿ, ಆಧಾರಿನಲ್ಲಿರುವ ಹೆಸರಾಗಲಿ ಹೊಂದದಿದ್ದರೆ ಗಾಡಿ ನಿಂತಿತು. ಮುಂದೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮೊದಲಾದ ಸಂಬಂಧಪಟ್ಟ ಇಲಾಖೆ. ಆಮೇಲೆ ಮಂಜೂರಾತಿ. ಕಡೆಗೆ ಬ್ಯಾಂಕಿಗೆ ಪಾವತಿ. ಗುಬ್ಬಿಯಿಂದ ಹೊರಟ ರೈಲು ಮಲ್ಲಸಂದ್ರದಲ್ಲಿ ನಿಂತರೆ ತುಮಕೂರು ಬಂತೆಂದು ಯಾರೂ ಇಳಿಯುವುದಿಲ್ಲ. ಮಂಜೂರಾತಿಯೂ ಹಾಗೆಯೇ, ಅದು ಊರ ಹತ್ತಿರ, ಊರಲ್ಲ.

ಪಾವತಿಯ ಸಾಲಿನಲ್ಲಿಯೂ ಎರಡು ಸಂಗತಿಗಳನ್ನು ನೋಡಬೇಕು. ಅರ್ಜಿದಾರನು ಮನಸ್ಸಿನಲ್ಲಿಟ್ಟುಕೊಂಡ ಖಾತೆಗೆ ಹಣ ಹೋಗುವುದಿಲ್ಲ. ಆಧಾರ್ ಸಂಖ್ಯೆಯು ಕಡೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಸೇರಿದೆಯೋ ಅಲ್ಲಿಗೆ ಹೋಗುತ್ತದೆ. ಆ ಬ್ಯಾಂಕು ಯಾವುದೆಂಬುದನ್ನು ಆಧಾರ್ ಪ್ರಾಧಿಕಾರದ ತಾಣದಲ್ಲಿ ಯಾರು ಬೇಕಾದರೂ ನೋಡಿಕೊಳ್ಳಬಹುದು. ಎರಡನೆಯದು, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನದಲ್ಲಿ ೨೦೨೧ರ ಪರಿಷ್ಕೃತ ನಿಯಮದಂತೆ ಕೇಂದ್ರದ ಪಾಲು ನೂರಕ್ಕೆ ೬೦, ರಾಜ್ಯದ್ದು ೪೦. ರಾಜ್ಯ ತನ್ನ ಪಾಲನ್ನು ಕೊಟ್ಟ ಮೇಲೆ ಕೇಂದ್ರದ ಪಾಲು ಬೇರೆಯಾಗಿ ಬರುತ್ತದೆ. ಮೊದಲ ಕಂತು ಕಂಡು ‘ಇಷ್ಟೇನೇ’ ಎಂದು ಕೊರಗುವ ಮಿತ್ರರು ಇದನ್ನು ತಿಳಿಯಬೇಕು.

ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಅಮೆರಿಕದಲ್ಲಿ ಸಹಾಯಧನಕ್ಕೆ ಅರ್ಜಿ ಹಾಕಿದವರಿಗೆ ಬರುವ ವರದಿಯಲ್ಲಿ ‘ಕುಟುಂಬದಿಂದ ನಿರೀಕ್ಷಿತ ವಂತಿಗೆ’ ಎಂಬ ಒಂದು ಅಂಕಿ ಇರುತ್ತಿತ್ತು. ಅಷ್ಟು ಹಣವನ್ನು ತಾವು ಕಟ್ಟಲೇಬೇಕೆಂದು ಎಷ್ಟೋ ಮನೆಗಳವರು ಭಾವಿಸುತ್ತಿದ್ದರು. ಅದು ನೆರವನ್ನು ಲೆಕ್ಕ ಹಾಕುವ ಸೂಚಿ ಮಾತ್ರ. ೨೦೨೪-೨೫ರ ಶೈಕ್ಷಣಿಕ ವರ್ಷದಿಂದ ಅದರ ಹೆಸರನ್ನೇ ‘ವಿದ್ಯಾರ್ಥಿ ನೆರವಿನ ಸೂಚ್ಯಂಕ’ ಎಂದು ಬದಲಾಯಿಸಿದರು. ಓದುವವನಿಗೆ ತಿಳಿಯದಿದ್ದರೆ ಬರೆದವನೂ ತಿದ್ದಿಕೊಳ್ಳಬೇಕೆಂಬುದನ್ನು ಅವರು ಒಪ್ಪಿದರೆಂದು ಇದರ ಅರ್ಥ. ನಮ್ಮಲ್ಲಿಯೂ ಹಾಗಾಗಬಾರದೇಕೆ? ಏನಾಯಿತು, ಏಕಾಯಿತು, ಯಾರು ಯಾವ ದಿನದೊಳಗೆ ಏನು ಮಾಡಬೇಕು—ಈ ಮೂರನ್ನು ತಿಳಿಗನ್ನಡದಲ್ಲಿ ಬರೆದರೆ ನಾಲ್ಕು ಸಾಲು ಹೆಚ್ಚಾಗಬಹುದು, ಅಷ್ಟೇ.

ವರದಿಯನ್ನು ಓದಬಲ್ಲವನಿಗೆ ಹಣ ಬೇಗ ಬಂದೇಬರುತ್ತದೆ ಎಂದು ನಾನು ಹೇಳಲಾರೆ. ಬೊಕ್ಕಸದಲ್ಲಿಯೇ ತಡವಾದರೆ ನಮ್ಮ ಓದು ಏನು ಮಾಡೀತು? ಆದರೆ ತಡ ಯಾರದೆಂದು ಬಲ್ಲವನು ಕೇಳಬೇಕಾದವರನ್ನು ಕೇಳಬಲ್ಲ. ಅರಿಯದವನು ಹಣೆಬರಹವನ್ನು ಹಳಿಯುತ್ತ ಕೂಡುವನು. ಇದು ಯಾರೋ ನೀಡುವ ಭಿಕ್ಷೆಯೂ ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೮ರಲ್ಲಿ, ನೇಮಕವಾದ ಮಿಲ್ಲರ್ ಸಮಿತಿಯ ದಿನಗಳಿಂದಲೂ ಹಿಂದುಳಿದವರ ಮಕ್ಕಳ ಓದಿಗೆ ನೆರವಾಗುವುದು ಸರ್ಕಾರದ ಹೊಣೆಯೆಂಬ ವಿಚಾರ ನಮ್ಮ ಸಂಸ್ಥಾನದಲ್ಲಿ ಬೆಳೆದುಬಂದಿದೆ. ಮೆಟ್ರಿಕ್ ನಂತರದ ವೇತನ ಆರಂಭವಾದುದು ೧೯೪೪ರಲ್ಲಿ. ಹಕ್ಕಿನ ಪತ್ರವನ್ನು ಅದಕ್ಕೆ ಹಕ್ಕುದಾರನಾದವನು ಓದಲು ಬರದೆ ಮಡಿಸಿಡುವುದು ಉಚಿತವಲ್ಲ.

ಆದುದರಿಂದ ಗುರುಗಳಲ್ಲಿ ನನ್ನದೊಂದು ಬಿನ್ನಹ. ಅರ್ಜಿಯ ಕಾಲದಲ್ಲಿ ವಾರಕ್ಕೆ ಒಂದು ಗಂಟೆ, ಒಂದು ಕೊಠಡಿ, ವಿಷಯ ಬಲ್ಲ ಒಬ್ಬ ಅಧ್ಯಾಪಕರು—ಇಷ್ಟು ಸಾಕು. ಅಂತಿಮ ವರ್ಷದವರು ಕಿರಿಯರ ಪಕ್ಕದಲ್ಲಿ ಕುಳಿತು ಓದಿಸಲಿ. ಕಿರಿಯ ಮಿತ್ರರೇ, ನೀವೂ ಅರ್ಜಿಯನ್ನು ಸೈಬರ್ ಅಂಗಡಿಯವನ ಕೈಗೆ ಒಪ್ಪಿಸಿ ಬಂದುಬಿಡಬೇಡಿ. ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ, ಅರ್ಜಿಯ ಸಂಖ್ಯೆ ನಿಮ್ಮ ಪುಸ್ತಕದಲ್ಲಿರಲಿ, ವರದಿಯನ್ನು ಕೊನೆಯ ಸಾಲಿನವರೆಗೂ ಓದಿ.

ನಮ್ಮ ಮನೆಗಳಲ್ಲಿ ‘ಏನಂತೆ?’ ಎಂದು ಕೇಳುವವರು ತಾವಾಗಿ ಆ ಹಾಳೆಯನ್ನು ಓದಲಾರರು. ನಾವು ಹೇಳಿದುದೇ ಅವರಿಗೆ ಸತ್ಯ. ಅದನ್ನು ಸರಿಯಾಗಿ ಹೇಳುವಷ್ಟಾದರೂ ನಾವು ಓದಿರಬೇಕಲ್ಲವೇ?