ಹಿತ್ತಲಿಗೂ ಸಾಲದ ಔಷಧಿಯೇ?



ಗುತ್ತಲು ಇವತ್ತು ಮಂಡ್ಯ ನಗರದೊಳಗೆ ಸೇರಿಹೋಗಿದೆ, ಗದ್ದೆಗಳು ಸೈಟಾಗಿವೆ. ಆದರೂ ಹಳೇ ಮನೆಗಳ ಹಿಂದಕ್ಕೆ ಹೋಗಿ ನೋಡಿ. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ ಮರ, ನಾಲ್ಕು ಬದನೆ ಗಿಡ, ಚಪ್ಪರಕ್ಕೆ ಹಬ್ಬಿದ ಅವರೆಯೋ ಹೀರೆಯೋ ಇನ್ನೂ ಕಾಣುತ್ತದೆ. ಕಬ್ಬಿಗೆ ಬೆಲೆ ಕೊಡಿ, ಭತ್ತಕ್ಕೆ ಬೆಲೆ ಕೊಡಿ ಎಂದು ನಾವು ರಸ್ತೆಗಿಳಿದವರು. ಈ ನಾಲ್ಕು ಬದನೆ ಗಿಡಕ್ಕೆ ಯಾವ ಆಯೋಗವೂ ಬೆಲೆ ಕಟ್ಟಿಲ್ಲ, ನಾವೂ ಕಟ್ಟಿಲ್ಲ. ಕಾರ್ಖಾನೆ ದುಡ್ಡು ತಡವಾದ ತಿಂಗಳಲ್ಲಿ ಮುದ್ದೆಗೆ ಸಾರು ಮಾಡಿದ್ದು ಮಾತ್ರ ಅದರಿಂದಲೇ. ಸಾಲವಿಲ್ಲದೆ ಬರುವ ಬೆಳೆ ನಮ್ಮ ಪಾಲಿಗೆ ಉಳಿದಿರುವುದು ಇದೊಂದೇ.

ಅಲ್ಲಿಗೂ ಈಗ ಡಬ್ಬ ಬಂದಿದೆ. ಹೇಗೆ ಬರುತ್ತದೆಂದು ನಿಮಗೂ ಗೊತ್ತು. ಕಬ್ಬಿಗೋ ಭತ್ತಕ್ಕೋ ಎಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕಕ್ಕೆ ಬರೆಸಿ ತಂದದ್ದು ತಳದಲ್ಲಿ ಒಂದಿಷ್ಟು ಮಿಕ್ಕಿರುತ್ತದೆ. ಬದನೆಗೆ ಹುಳ ಬಿದ್ದೈತೆ ಎಂದು ಮನೆಯಾಕೆ ಹೇಳುತ್ತಾಳೆ. 'ಮಿಕ್ಕಿರೋದ ಅದ್ಕೂ ಹೊಡ್ದುಬುಡ್ತೀನಿ ತಗೊ' ಎನ್ನುತ್ತಾನೆ ಯಜಮಾನ. ಅಳತೆಯಿಲ್ಲ, ದಿನದ ಲೆಕ್ಕವಿಲ್ಲ. ಹಿತ್ತಲ ಬದನೆ ನಾಳೆಯೇ ಸಾರಿನಲ್ಲಿ ಬೇಯುತ್ತದಲ್ಲ, ಉಣ್ಣುವವರು ನಿಮ್ಮ ಮಕ್ಕಳೇ ಅಲ್ಲವೇ?

ಔಷಧಿ ಎಂಬ ಹೆಸರೇ ಮೋಸದ್ದು. ಡಬ್ಬದ ಮೇಲಿನ ಗುರುತಿನಲ್ಲಿ ಕೆಂಪು ಬಣ್ಣವಿದ್ದರೆ ಕಡು ವಿಷ. ಹಳದಿಯಿದ್ದರೆ ಒಂದು ಮೆಟ್ಟಿಲು ಕಡಿಮೆ, ಅಷ್ಟೆ. ಮೊನೊಕ್ರೊಟೊಫಾಸನ್ನು ತರಕಾರಿಗೆ ಹೊಡೆಯಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ಹೇಳಿತು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಲ್ಲಿಸುವ ಹೊತ್ತಿಗೆ ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಜನ ಅದರ ಫಲ ಉಂಡಾಗಿತ್ತು. ಇಂಥ ಡಬ್ಬ ಮನೆಯೊಳಗೆ, ಕೈಗೆಟುಕುವ ಕಡೆ ಇರಲೇಬಾರದು. ಏಕೆಂದು 2015ನ್ನು ಕಂಡ ಮಂಡ್ಯದವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹುಳ ತಿಂದುಕೊಂಡು ಹೋಗಲಿ ಎಂದು ಬಿಡೋಣವೇ? ಯಾಕೆ ಬಿಡಬೇಕು? ನಾಲ್ಕು ಗಿಡ ಕಾಯಲು ಕಣ್ಣು, ಬೆರಳು ಸಾಕು. ಹುಳದ ನಡತೆ ಗೊತ್ತಿರಬೇಕು.

ಬದನೆಯ ಕುಡಿ ಜೋತುಬಿದ್ದರೆ ನೀರು ಸಾಲದೆಂದುಕೊಳ್ಳಬೇಡಿ, ಒಳಗೆ ಹುಳ ಕೊರೆಯುತ್ತಿದೆ. ಒಳಗೆ ಸೇರಿದ ಮೇಲೆ ಹೊರಗೆ ಹೊಡೆದ ವಿಷ ಅದರ ಮೈಗೆ ತಾಗುವುದು ಕಷ್ಟ. ಬಾಡಿದ ಜಾಗದಿಂದ ಬೆರಳುದ್ದ ಕೆಳಕ್ಕೆ ಚಿವುಟಿ ಸುಡಿ. ತೂತು ಬಿದ್ದ ಕಾಯಿಯನ್ನೂ ಸುಡಿ. ತಿಪ್ಪೆಗೆಸೆದರೆ ಅದೇ ಹುಳ ಪತಂಗವಾಗಿ ವಾಪಸು ಬರುತ್ತದೆ.

ಎಲೆ ತಿನ್ನುವ ಹುಳದ ತಾಯಿ ಎಲೆಯ ಕೆಳಗೆ ಒಂದೇ ಕಡೆ ಗುಂಪಾಗಿ ಮೊಟ್ಟೆಯಿಟ್ಟು ಕಂದು ರೋಮ ಮುಚ್ಚುತ್ತದೆ. ಮರಿಗಳು ಮೊದಲ ಕೆಲವು ದಿನ ಒಟ್ಟಿಗೇ ಇದ್ದು ಎಲೆಯನ್ನು ಕೆರೆದು ಜರಡಿ ಮಾಡುತ್ತವೆ. ಆಗ ಆ ಒಂದು ಎಲೆ ಕಿತ್ತರೆ ನೂರಾರು ಹುಳ ಹೋದಂತೆ. ವಾರ ತಡೆದಿರೋ, ಚದುರಿ ಹಗಲು ಮಣ್ಣಿನಲ್ಲಿ ಅಡಗಿ ರಾತ್ರಿ ಮೇಯುತ್ತವೆ; ಆಮೇಲೆ ಟಾರ್ಚು ಹಿಡಿದು ಹುಡುಕಬೇಕು. ಬೇಲಿ ಬದಿಗೆ ಎರಡು ಹರಳು ಗಿಡ ಹಾಕಿ. ಆ ಪತಂಗಕ್ಕೆ ಹರಳೆಲೆ ಎಂದರೆ ಬಲು ಆಸೆ, ಮೊಟ್ಟೆಯಿಡಲು ಅಲ್ಲಿಗೇ ಹೋಗುತ್ತದೆ. ದಿನಾ ಆ ಎಲೆ ಮಗುಚಿ ನೋಡುವುದು ಮಕ್ಕಳ ಕೆಲಸವಾಗಲಿ.

ನುಗ್ಗೆಯ ಕಂಬಳಿಹುಳ ಹಿಂಡಾಗಿ ಕಾಂಡಕ್ಕೆ ಮೆತ್ತಿಕೊಳ್ಳುತ್ತದೆ. ಹಳಬರು ಪಂಜು ಹಚ್ಚಿ ಸವರುತ್ತಿದ್ದರು. ಈಗಲೂ ಅದೇ ಸರಿ, ತೊಗಟೆ ಬೇಯಬಾರದು, ಹತ್ತಿರ ಹುಲ್ಲಿನ ಮೆದೆ ಇರಬಾರದು. ಹೀರೆ, ಹಾಗಲದ ಮಿಡಿ ಕೊಳೆತು ಉದುರಿದರೆ ಅದು ನೊಣದ ಕಾಟ. ಉದುರಿದ್ದನ್ನು ಆಳವಾಗಿ ಹೂತು, ಎಳೇ ಕಾಯಿಗೆ ಹಳೇ ಪೇಪರಿನ ಚೀಲ ಕಟ್ಟಿ. ಇನ್ನೊಂದು ಮಾತು. ಹುಳದ ಬೆನ್ನ ಮೇಲೆ ಅಕ್ಕಿ ಕಾಳಿನಂಥ ಬಿಳಿ ಗೂಡು ಅಂಟಿದ್ದರೆ ಅದನ್ನು ಹೊಸಕಬೇಡಿ. ಅವು ಹುಳವನ್ನು ಕೊಲ್ಲುವ ಸಣ್ಣ ಕಣಜದ ಗೂಡು, ಕೂಲಿಯಿಲ್ಲದೆ ದುಡಿಯುವ ಆಳು.

ಇಷ್ಟಕ್ಕೂ ಬಗ್ಗದಿದ್ದರೆ ಬೇವಿದೆ. ಸಿಪ್ಪೆ ತೆಗೆದ ಬೀಜದ ತಿರುಳು 50 ಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲಾ ನೆನೆಸಿ ಹಿಂಡಿ. ಚೂರು ಸೋಪು ಕದಡಿ, ಬಿಸಿಲಿಗೆ ಅದರ ಸತ್ವ ಹೋಗುವುದರಿಂದ ಸಂಜೆ ಹೊತ್ತು ಎಲೆಯ ಅಡಿಗೂ ತಾಗುವಂತೆ ಚಿಮುಕಿಸಿ. ಹುಳ ಕೂಡಲೇ ಸಾಯಲಿಲ್ಲವೆಂದು ಬೈಯಬೇಡಿ. ಬೇವು ಮರಿಹುಳದ ಬಾಯಿ ಕಟ್ಟುತ್ತದೆ, ಪೊರೆ ಬಿಡದಂತೆ ತಡೆಯುತ್ತದೆ. ಬಲಿತ ಹುಳಕ್ಕೆ ಅಷ್ಟಾಗಿ ನಾಟುವುದಿಲ್ಲ, ಅದನ್ನು ಆಯ್ದು ತೆಗೆಯಬೇಕು.

ಬೇವಿನೆಣ್ಣೆಯಿಂದ ಬೆಳೆಯ ಬೂಷ್ಟು ರೋಗ ತಡೆಯುವುದು ತನ್ನದೇ ಶೋಧನೆಯೆಂದು ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿ, ಅಲ್ಲಿನ ಕೃಷಿ ಇಲಾಖೆಯ ಜೊತೆಗೂಡಿ, 1994ರಲ್ಲಿ ಯೂರೋಪಿನ ಪೇಟೆಂಟ್ ಪಡೆದಿತ್ತು. ನಮ್ಮವರೂ ಸೇರಿ ಹೋರಾಡಿ 2000ದಲ್ಲಿ ಅದನ್ನು ರದ್ದು ಮಾಡಿಸಿದರು. 2005ರಲ್ಲಿ ಕಂಪನಿಯ ಮೇಲ್ಮನವಿಯೂ ಬಿದ್ದುಹೋಯಿತು. ಕಂಪನಿಗೆ ಬೆಲೆ ಗೊತ್ತಾದ ಬೀಜವನ್ನು ನಾವು ಅಂಗಳ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದೇವೆ!

ಜೂನ್ ಹೊತ್ತಿಗೆ ಬೇವಿನ ಹಣ್ಣು ಉದುರುತ್ತದೆ. ಆಯ್ದು, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ.