ಟ್ರಾಕ್ಟರಿನ ಮುಂದಿನ ಅಚ್ಚಿನ ಎಣ್ಣೆಯೂ ಯಜಮಾನನ ಹೊಣೆಯೂ

ಎತ್ತಿನ ಗಾಡಿಯೇ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆಯನ್ನು ಹಾಕದೆ ಗಾಡಿಯನ್ನು ಹೂಡುವ ಬೇಸಾಯಗಾರರು ವಿರಳರಾಗಿದ್ದರು. ಎಣ್ಣೆ ಆರಿದ ಅಚ್ಚು ಕಿರುಗುಟ್ಟಿ ಊರಿಗೆಲ್ಲ ದೂರು ಹೇಳುತ್ತಿದ್ದುದರಿಂದ ಯಜಮಾನನು ಅದನ್ನು ಮರೆಯುವ ಸಂಭವವಿರಲಿಲ್ಲ. ಈಗ ಗಾಡಿಯ ಸ್ಥಾನದಲ್ಲಿ ಟ್ರಾಕ್ಟರು ನಿಂತಿದೆ. ಅದರ ಅಚ್ಚು ಕಬ್ಬಿಣದ ಗೂಡಿನೊಳಗೆ ಮುಚ್ಚಿರುವುದರಿಂದ ಅಲ್ಲಿಯ ಎಣ್ಣೆ ಕೆಟ್ಟರೂ ಬಹುದಿನಗಳವರೆಗೆ ತಿಳಿಯುವುದಿಲ್ಲ. ಸದ್ದು ಕೇಳಿಬರುವ ಹೊತ್ತಿಗೆ ಹಲ್ಲುಚಕ್ರಗಳು ಸವೆದಿರುತ್ತವೆ. ಆದುದರಿಂದ ನಾಲ್ಕು ಚಕ್ರಗಳಿಗೂ ಎಳೆತವುಳ್ಳ ಟ್ರಾಕ್ಟರನ್ನು ಭತ್ತದ ಗದ್ದೆಗೆ ಇಳಿಸುವ ಪ್ರತಿಯೊಬ್ಬ ಜಮೀನುದಾರನೂ ಅದರ ಮುಂದಿನ ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ತನ್ನ ಮನೆಯ ಅಂಗಳದಲ್ಲಿ, ತನ್ನ ಕಣ್ಣೆದುರಿನಲ್ಲಿಯೇ ಬದಲಾಯಿಸುವ ರೂಢಿಯನ್ನು ಕೈಕೊಳ್ಳುವುದು ಯುಕ್ತವಾಗಿದೆ.

ಬಂಡಿಯು ತಿರುಗುವಾಗ ಹೊರಮಗ್ಗುಲಿನ ಚಕ್ರವು ಒಳಮಗ್ಗುಲಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಎರಡಕ್ಕೂ ಶಕ್ತಿಯನ್ನು ಹಂಚಿ, ಬೇರೆ ಬೇರೆ ವೇಗದಲ್ಲಿ ಉರುಳಲು ಅವಕಾಶ ಕೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಫ್ರಾನ್ಸ್ ದೇಶದ ಒನೆಸಿಫೋರ್ ಪೆಕ್ಕೂರನು 1828ರಲ್ಲಿ ಇಂತಹ ಜೋಡಣೆಯನ್ನು ಉಗಿಬಂಡಿಗಾಗಿ ತನ್ನ ಹಕ್ಕುಪತ್ರದಲ್ಲಿ ಸೇರಿಸಿದನು. ಅದರೊಳಗಿನ ಕ್ರೌನ್ ಮತ್ತು ಪಿನಿಯನ್ ಚಕ್ರಗಳ ಹಲ್ಲುಗಳು ಅತಿಶಯವಾದ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ನಡುವೆ ನಿಲ್ಲುವ ತೆಳುವಾದ ಎಣ್ಣೆಯ ಪೊರೆಯೇ ಅವುಗಳಿಗೆ ರಕ್ಷಣೆ. ನೀರು ಬೆರೆತ ಎಣ್ಣೆಯಲ್ಲಿ ಆ ಪೊರೆ ನಿಲ್ಲದು; ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ, ಹಲ್ಲುಗಳ ಮೈ ಕಿತ್ತುಬರುತ್ತದೆ.

ಇಷ್ಟು ಬಿಗಿಯಾದ ಗೂಡಿಗೆ ನೀರು ಸೇರುವುದಾದರೂ ಹೇಗೆ? ರಸ್ತೆಯಲ್ಲಿ ಓಡಿ ಬಂದ ಟ್ರಾಕ್ಟರಿನ ಅಚ್ಚು ಬಿಸಿಯಾಗಿರುತ್ತದೆ. ಅದನ್ನು ಕೂಡಲೇ ತಣ್ಣನೆಯ ಕೆಸರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಗಾಳಿಯಾಡಲು ಇಟ್ಟಿರುವ ಸಣ್ಣ ಕೊಳವೆಯು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಆ ಎಳೆತವು ಆಯಿಲ್ ಸೀಲುಗಳ ಮೇಲೆ ಬಿದ್ದು, ಅವುಗಳ ಅಂಚಿನಿಂದ ಕೆಸರುನೀರು ಒಳಸೇರುತ್ತದೆ. ಅಚ್ಚಿನ ತುದಿಗೆ ಸುತ್ತಿಕೊಂಡ ಹುಲ್ಲು, ತಂತಿ, ದಾರಗಳೂ ಸೀಲನ್ನು ಕೊಯ್ಯುತ್ತವೆ.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಆಕ್ಷೇಪಣೆಗಳು ಬರುತ್ತವೆ. ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆಗಳು ಇನ್ನೂ ತುಂಬಿಲ್ಲವೆಂಬುದು ಮೊದಲನೆಯದು. ಆದರೆ ಮೀಟರು ಯಂತ್ರವು ಓಡಿದ ಗಂಟೆಗಳನ್ನು ಎಣಿಸುತ್ತದೆಯೇ ಹೊರತು ಕೆಸರಿನಲ್ಲಿ ಮುಳುಗಿದ್ದ ದಿನಗಳನ್ನಲ್ಲ. ಗಂಟೆಗಳ ಲೆಕ್ಕವನ್ನು ಮೀರಕೂಡದು; ಗದ್ದೆಯ ಯಂತ್ರಕ್ಕೆ ಅದೊಂದೇ ಸಾಲದು. ಇದು ಮೆಕ್ಯಾನಿಕನ ಕೆಲಸ, ಯಜಮಾನನದಲ್ಲ ಎಂಬುದು ಎರಡನೆಯದು. ಬಿರಡೆಯನ್ನು ತಿರುಗಿಸುವವರು ಯಾರಾದರೂ ಆಗಲಿ, ಹೊರಬೀಳುವ ಎಣ್ಣೆಯನ್ನು ಯಜಮಾನನು ನೋಡಬೇಕು. ಎಣ್ಣೆ ಬರುವಾಗ ಕಣ್ಣು ಮುಚ್ಚಿಕೊಳ್ಳುವ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಖಾತರಿಯ ಅವಧಿ ತೀರದ ಹೊಸ ಯಂತ್ರವಾದರೆ ಕಂಪೆನಿಯ ಸೇವಾಕೇಂದ್ರದಲ್ಲಿಯೇ ಕೆಲಸ ಮಾಡಿಸಿ ಲಿಖಿತವನ್ನು ಪಡೆಯತಕ್ಕದ್ದು. ಆಗಲೂ ಎದುರಿಗಿದ್ದು ನೋಡುವುದಕ್ಕೆ ಅಡ್ಡಿಯಿಲ್ಲ.

ಕೆಲಸದ ಕ್ರಮ ಕಷ್ಟವಾದುದಲ್ಲ. ಟ್ರಾಕ್ಟರನ್ನು ಸ್ವಲ್ಪ ಹೊತ್ತು ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಮಟ್ಟವಾದ ನೆಲದಲ್ಲಿ ನಿಲ್ಲಿಸಿ, ಇಂಜಿನನ್ನು ಆರಿಸಿ, ಬ್ರೇಕನ್ನು ಬಿಗಿದು, ಚಕ್ರಗಳಿಗೆ ಒತ್ತುಗಲ್ಲುಗಳನ್ನು ಕೊಡಬೇಕು. ಬಿರಡೆಗಳ ಸುತ್ತಲಿನ ಮಣ್ಣನ್ನು ಒರಸಬೇಕು. ಮೊದಲು ಎಣ್ಣೆ ತುಂಬುವ ಮೇಲಿನ ಬಿರಡೆಯನ್ನೇ ಬಿಚ್ಚತಕ್ಕದ್ದು. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಮೇಲಿನದು ಕಚ್ಚಿಕೊಂಡು ಬಾರದೆ ಹೋದರೆ ಯಂತ್ರವು ಅಂಗಳದಲ್ಲಿಯೇ ನಿಲ್ಲಬೇಕಾಗುತ್ತದೆ. ಎಣ್ಣೆ ಪೂರ್ತಿ ಇಳಿದ ಬಳಿಕ ಬಿರಡೆಯನ್ನು ಒರಸಿ, ಹೊಸ ವಾಷರು ಹಾಕಿ ಬಿಗಿದು, ಕೈಪಿಡಿಯಲ್ಲಿ ಸೂಚಿಸಿದ ಮಟ್ಟದವರೆಗೆ ಮಾತ್ರ ಹೊಸ ಎಣ್ಣೆಯನ್ನು ತುಂಬಬೇಕು. ಹೆಚ್ಚು ತುಂಬಿದರೆ ಎಣ್ಣೆ ನೊರೆಯೆದ್ದು, ಕಾಯ್ದು, ಸೀಲುಗಳನ್ನು ಒತ್ತುತ್ತದೆ. ಅನೇಕ ಯಂತ್ರಗಳಲ್ಲಿ ಚಕ್ರಗಳ ಗುಂಬಗಳಲ್ಲಿಯೂ ಪ್ರತ್ಯೇಕವಾಗಿ ಎಣ್ಣೆ ಇರುತ್ತದೆ, ಅದನ್ನು ಮರೆಯಕೂಡದು. ಗಾಳಿಯ ಕೊಳವೆಯನ್ನೂ ಶುಚಿಮಾಡಬೇಕು.

ಎಣ್ಣೆಯ ಆಯ್ಕೆಯಲ್ಲಿ ಅಂಗಡಿಯವನ ಮಾತಿಗಿಂತ ಕೈಪಿಡಿಯ ಮಾತೇ ಪ್ರಮಾಣ. ಹಿಂದಿನ ಅಚ್ಚಿನ ಎಣ್ಣೆಯೊಳಗೇ ಬ್ರೇಕುಗಳು ಮುಳುಗಿರುವ ಟ್ರಾಕ್ಟರುಗಳಿಗೆ ಬೇರೆಯೇ ಬಗೆಯ ಎಣ್ಣೆ ಬೇಕಾಗುತ್ತದೆ. ಮುಂದಿನ ಅಚ್ಚಿಗೆಂದು ತಂದ ಸಾಮಾನ್ಯ ಗೇರ್ ಎಣ್ಣೆಯನ್ನು ಅಲ್ಲಿಗೆ ಸುರಿದರೆ ಬ್ರೇಕು ಕೆಡುತ್ತದೆ.

ಇಳಿದ ಎಣ್ಣೆಯನ್ನು ಓದುವುದೇ ಈ ಕೆಲಸದ ಸಾರ. ಬಿರಡೆಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಕೆಸರಿನಂತಹ ಪುಡಿ ಅಂಟಿದ್ದರೆ ಅದು ಸಹಜವಾದ ಸವೆತ. ಚಕ್ಕೆಗಳಾಗಲಿ ಹಲ್ಲಿನ ಚೂರುಗಳಾಗಲಿ ಕಂಡರೆ ಯಂತ್ರವನ್ನು ನಿಲ್ಲಿಸಿ ನುರಿತವರಿಂದ ಬಿಚ್ಚಿಸಬೇಕು. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ತಿಳಿಯಬೇಕು. ಆಗ ಸೀಲನ್ನು ಬದಲಾಯಿಸದೆ ಎಣ್ಣೆಯನ್ನು ಮಾತ್ರ ಬದಲಾಯಿಸುವುದು ತೂತು ಮಡಕೆಗೆ ನೀರು ಹೊಯ್ದಂತೆ. ಕೆಸರಿನ ಕೆಲಸ ಮುಗಿದ ಮೇಲೆ ಯಂತ್ರವನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಬಿರಡೆಯನ್ನು ತುಸು ಸಡಿಲಿಸಿದರೆ, ತಳಕ್ಕೆ ಇಳಿದಿರುವ ನೀರು ಎಣ್ಣೆಗಿಂತ ಮೊದಲು ತೊಟ್ಟಿಕ್ಕುತ್ತದೆ. ಇದು ವೆಚ್ಚವಿಲ್ಲದ ಪರೀಕ್ಷೆ.

ಬಳಸಿದ ಎಣ್ಣೆಯನ್ನು ಬಾವಿ, ಕಾಲುವೆ, ಹೊಲಗಳ ಬಳಿ ಚೆಲ್ಲಕೂಡದು. 2016ರ ಕೇಂದ್ರ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಗಣಿಸಿವೆ. ಡಬ್ಬಿಯಲ್ಲಿ ಕೂಡಿಟ್ಟು, ಅನುಮತಿ ಪಡೆದ ಸಂಗ್ರಹಕಾರರಿಗೆ ಒಪ್ಪಿಸತಕ್ಕದ್ದು. ಊರಿನ ಎಲ್ಲರ ಎಣ್ಣೆಯೂ ಒಂದೆಡೆ ಸೇರುವಂತೆ ಗ್ರಾಮದ ಮುಖಂಡರು ಏರ್ಪಾಡು ಮಾಡಿದರೆ ಮತ್ತೂ ಸುಲಭ.

ಕಾವೇರಿ, ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ ಒಬ್ಬರ ಟ್ರಾಕ್ಟರು ಹಲವರ ಗದ್ದೆಗಳನ್ನು ಬಾಡಿಗೆಗೆ ಕೆಸರು ಮಾಡುತ್ತದೆ. ಮಧ್ಯಮಾವಧಿಯ ಭತ್ತದ ಸಸಿಯನ್ನು ಸಾಮಾನ್ಯವಾಗಿ 21ರಿಂದ 25 ದಿನಗಳಲ್ಲಿ ಕಿತ್ತು ನಾಟಿ ಮಾಡಬೇಕು. ಮಡಿಯಲ್ಲಿ ಬಲಿತ ಸಸಿ ತೆಂಡೆಯೊಡೆಯುವುದು ಕಡಿಮೆ. ಆ ವಾರದಲ್ಲಿ ಅಚ್ಚು ಮುರಿದು ಯಂತ್ರ ನಿಂತರೆ ನಷ್ಟವು ಯಜಮಾನನೊಬ್ಬನದಲ್ಲ, ಅವನ ಸರದಿಗೆ ಕಾದಿರುವ ಬಡ ರೈತರದೂ ಆಗುತ್ತದೆ. ಕೆಲವು ಲೀಟರು ಎಣ್ಣೆ ಮತ್ತು ಅರ್ಧ ದಿನದ ಶ್ರಮದಿಂದ ತಪ್ಪಿಸಬಹುದಾದ ಈ ನಷ್ಟವನ್ನು ದೈವದ ಮೇಲೆ ಹೊರಿಸುವುದು ನ್ಯಾಯವಲ್ಲ. ಕಾಲುವೆಗೆ ನೀರು ಬಿಡುವ ಮೊದಲೇ ಒಮ್ಮೆ ಎಣ್ಣೆಯನ್ನು ಬದಲಾಯಿಸಿ, ನಾಟಿ ಮುಗಿದೊಡನೆ ಮತ್ತೊಮ್ಮೆ ಪರೀಕ್ಷಿಸಿ, ದಿನಾಂಕವನ್ನೂ ಗಂಟೆಗಳನ್ನೂ ಪುಸ್ತಕದಲ್ಲಿ ಬರೆದಿಡುವ ಪದ್ಧತಿಯನ್ನು ದೊಡ್ಡ ಹಿಡುವಳಿದಾರರು ಮೊದಲು ಆಚರಣೆಗೆ ತಂದರೆ ಉಳಿದವರು ತಾವಾಗಿಯೇ ಅನುಸರಿಸುವರು.