ಪಂಚರೋ, ನ್ಯಾಯಾಧೀಶರೋ?



ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರುಗೋಲಿನ ಆಸರೆಯಲ್ಲಿ ಮನೆಗೆ ಬಂದ. ಕಾಫಿ ತೋಟದ ಕೆಲಸಗಾರ, ವಯಸ್ಸು 34. ಘಟ್ಟದ ತಿರುವಿನಲ್ಲಿ ಜೀಪು ಮಗುಚಿ ಅವನ ಬಲಗಾಲು ಮುರಿದಿತ್ತು. "ಸಾರ್, ಲೋಕ ಅದಾಲತ್‌ನಲ್ಲಿ ನಾಲ್ಕು ಲಕ್ಷಕ್ಕೆ ಮುಗಿಸಿಕೋ ಅಂತಾರೆ. ಒಪ್ಪಲೋ, ಜಡ್ಜರ ತೀರ್ಪಿಗೆ ಕಾಯಲೋ?" ಎಂದು ಕೇಳಿದ.

ಅಮೆರಿಕದಲ್ಲಿ ಇಂತಹ ಗಾಯಾಳುವು ತನ್ನ ಪರಿಹಾರವನ್ನು ನ್ಯಾಯಾಧೀಶರು ನಿರ್ಧರಿಸಬೇಕೋ, ಜ್ಯೂರಿಯೋ ಎಂದು ಯೋಚಿಸುತ್ತಾನೆ. ನಮ್ಮಲ್ಲಿ ಜ್ಯೂರಿ ಇದ್ದದ್ದು ಮುಖ್ಯವಾಗಿ ಕ್ರಿಮಿನಲ್ ಮೊಕದ್ದಮೆಗಳಿಗೆ. 1959ರ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿ 8-1ರ ಬಹುಮತದಿಂದ ಆರೋಪಿಯನ್ನು ನಿರ್ದೋಷಿ ಎಂದಿತು. ಹೈಕೋರ್ಟು ಅದನ್ನು ತಳ್ಳಿಹಾಕಿತು, 1961ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ.

ಆದರೂ ಹತ್ತು ಜನ ಕೂತು ನ್ಯಾಯ ಹೇಳುವ ಆಸೆ ನಮ್ಮಿಂದ ಹೋಗಿಲ್ಲ. ಅಂಬಲದಲ್ಲಿ ತಕ್ಕರು ಜಗಳ ತೀರಿಸುತ್ತಿದ್ದುದನ್ನು ಕೇಳಿ ಬೆಳೆದವರು ನಾವು. ಲೋಕ ಅದಾಲತ್ ಆ ಆಸೆಯ ಇಂದಿನ ರೂಪ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು: ಅಲ್ಲಿ ಯಾರೂ ತೀರ್ಪು ಕೊಡುವುದಿಲ್ಲ, ಉಭಯ ಪಕ್ಷಗಳು ಒಪ್ಪಿದ್ದೇ ತೀರ್ಪಾಗುತ್ತದೆ. ಅದರ ಮೇಲೆ ಮೇಲ್ಮನವಿ ಇಲ್ಲ. ಒಪ್ಪದಿದ್ದರೆ ಮೊಕದ್ದಮೆ ಇದ್ದಲ್ಲಿಗೇ ಮರಳುತ್ತದೆ, ನಷ್ಟವೇನೂ ಇಲ್ಲ.

ನ್ಯಾಯಮಂಡಳಿಯ ನ್ಯಾಯಾಧೀಶರು ಲೆಕ್ಕ ಹಾಕಿ, ಕಾರಣ ಬರೆದು ತೀರ್ಪು ನೀಡಬೇಕು. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿ ವಯಸ್ಸಿಗೆ ತಕ್ಕ ಗುಣಕಗಳನ್ನು ಗೊತ್ತುಪಡಿಸಿತು. 34ರ ವಯಸ್ಸಿಗೆ 16. ತಿಂಗಳ ದುಡಿಮೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ದೇಹದ ಊನ ಶೇಕಡಾ 15 ಎಂದು ವೈದ್ಯರು ಹೇಳಿದ್ದನ್ನೇ ಹಿಡಿದರೆ ದುಡಿಮೆಯ ನಷ್ಟ 3,45,600 ರೂಪಾಯಿ. ಆದರೆ ದೇಹದ ಊನವೇ ದುಡಿಮೆಯ ಊನವಲ್ಲವೆಂದು ಅದೇ ನ್ಯಾಯಾಲಯ 2010ರಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಗುಮಾಸ್ತನ ಕಾಲಿಗೂ ಇಳಿಜಾರಿನಲ್ಲಿ ಹತ್ತಿಳಿದು ಕಾಫಿ ಕೊಯ್ಯುವವನ ಕಾಲಿಗೂ ಅಂತರವಿದೆಯಷ್ಟೆ! ನಷ್ಟ ಶೇಕಡಾ 60 ಎಂದು ಸಾಬೀತಾದರೆ ಮೊತ್ತ 13,82,400 ರೂಪಾಯಿ. ಚಿಕಿತ್ಸೆಯ ಖರ್ಚು, ನೋವಿನ ಪರಿಹಾರಗಳು ಇದರ ಮೇಲೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಲೋಕ ಅದಾಲತ್ತನ್ನು ಹೀಗಳೆಯಬೇಡಿ. ವರ್ಷಗಟ್ಟಲೆ ಕಾಯಲಾರದ ಬಡವನಿಗೆ ಅದು ಆಸರೆಯೇ ಸರಿ. ಆದರೆ ವಕೀಲರಿಂದ ಈ ಲೆಕ್ಕವನ್ನು ಬರೆಸಿಕೊಳ್ಳದೆ ಅಲ್ಲಿ ಸಹಿ ಹಾಕಬೇಡಿ. ಮೊತ್ತವು ಲೆಕ್ಕಕ್ಕೆ ಹತ್ತಿರವಿದ್ದರೆ ಒಪ್ಪಿಕೊಳ್ಳಿ. ಮೂರನೆಯ ಒಂದು ಭಾಗವೂ ಇಲ್ಲದಿದ್ದರೆ ನ್ಯಾಯಾಧೀಶರ ಮುಂದೆಯೇ ನಿಲ್ಲಿ. ಆ ತೀರ್ಪು ತಪ್ಪಾದರೆ ಹೈಕೋರ್ಟಿದೆ. ಕಾದ ಅವಧಿಗೆ ಬಡ್ಡಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ.

ನನ್ನ ವಿದ್ಯಾರ್ಥಿ ನಾಲ್ಕು ಲಕ್ಷಕ್ಕೆ ಒಪ್ಪಲಿಲ್ಲ. ಮೊಕದ್ದಮೆ ಇನ್ನೂ ನಡೆಯುತ್ತಿದೆ, ಮನೆಯ ಸಾಲವೂ ಬೆಳೆಯುತ್ತಿದೆ. ಸಲಹೆ ಕೊಡುವುದು ಸುಲಭ, ಕಾಯುವವನು ಅವನು ಎಂಬುದನ್ನು ನಾನು ಮರೆತಿಲ್ಲ. ನಿಮ್ಮಲ್ಲಿ ವಕೀಲರಾದವರು ಹಲವರಿದ್ದೀರಿ. ನಾನು ಹೇಳಿದ್ದು ತಪ್ಪಾಗಿದ್ದರೆ ಸಂಕೋಚವಿಲ್ಲದೆ ತಿದ್ದಿ. ಗುರುವನ್ನು ತಿದ್ದುವ ಹಕ್ಕು ಶಿಷ್ಯನಿಗೆ ಸದಾ ಇದೆ.